ಉದಯೋನ್ಮುಖ ಆಟಗಾರರನ್ನು ಅಳೆಯಲು ಸರಾಸರಿಯೊಂದೇ ಸಾಕೇ?

ನಮಸ್ಕಾರ. ಸ್ಯಾನ್ ಹೋಸೆಗೆ ಬಂದು ನೆಲೆಸಿರುವ ನೀವು, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಕಿರಿಯ ಆಟಗಾರರಲ್ಲಿ ಯಾರು ಮೇಲೇರಬಲ್ಲರೆಂದು ಬ್ಯಾಟಿಂಗ್ ಸರಾಸರಿಯಿಂದಲೇ (ಬ್ಯಾಟಿಂಗ್ ಸರದಿಗಳಲ್ಲಿ ಹಿಟ್ ಆದವುಗಳ ಪಾಲು) ತಿಳಿಯಬಹುದೇ ಎಂದು ಕೇಳಿದ್ದೀರಿ. ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ನೋಡಬೇಕಾದದ್ದು ಆಟಗಾರನ ವಯಸ್ಸು ಮತ್ತು ಅವನು ಆಡುತ್ತಿರುವ ಹಂತ. ಕಿರಿಯ ಲೀಗ್‌ಗಳ 2021ರ ಪುನರ್ರಚನೆಯ ನಂತರ ಪ್ರತಿ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್) ತಂಡಕ್ಕೂ ನಾಲ್ಕು ಹಂತಗಳಲ್ಲಿ ಒಂದೊಂದು ಅಂಗತಂಡವಿದ್ದು, ಜೈಂಟ್ಸ್ ತಂಡದವು ಕೆಳಗಿನಿಂದ ಮೇಲಕ್ಕೆ ಸ್ಯಾನ್ ಹೋಸೆ, ಯೂಜೀನ್, ರಿಚ್ಮಂಡ್ ಹಾಗೂ ಸ್ಯಾಕ್ರಮೆಂಟೊಗಳಲ್ಲಿವೆ. ತನಗಿಂತ ಮೂರ್ನಾಲ್ಕು ವರ್ಷ ಹಿರಿಯರಾದ ಪಿಚರ್‌ಗಳ (ಚೆಂಡೆಸೆಯುವವರ) ಎದುರು ರಿಚ್ಮಂಡ್‌ನಲ್ಲಿ .240 ಸರಾಸರಿ ಗಳಿಸುವ 20ರ ಹುಡುಗ, ಸ್ಯಾನ್ ಹೋಸೆಯಲ್ಲಿ .310 ಗಳಿಸುವ 24ರ ಆಟಗಾರನಿಗಿಂತ ಹೆಚ್ಚು ಭರವಸೆ ಮೂಡಿಸುತ್ತಾನೆ. ಸ್ಯಾಕ್ರಮೆಂಟೊ ಆಡುವ ಪೆಸಿಫಿಕ್ ಕೋಸ್ಟ್ ಲೀಗ್‌ನ ಹಲವು ಮೈದಾನಗಳು ಎತ್ತರದ ಊರುಗಳಲ್ಲಿದ್ದು, ತೆಳುಗಾಳಿಯಲ್ಲಿ ಚೆಂಡು ದೂರ ಹಾರುವುದರಿಂದ, ಅಲ್ಲಿನ ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಹೊಡೆಯುವುದು) ಲೆಕ್ಕವನ್ನು ಎಚ್ಚರದಿಂದ ಓದಬೇಕು. ನಾನಂತೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಗೆ ಔಟಾಗುವುದು) ಮತ್ತು ವಾಕ್‌ಗಳ (ಗುರಿ ತಪ್ಪಿದ ನಾಲ್ಕು ಎಸೆತಗಳನ್ನು ಬಿಟ್ಟು ಮೊದಲ ಬೇಸ್ ಪಡೆಯುವುದು) ಪ್ರಮಾಣವನ್ನೇ ಹೆಚ್ಚು ನಂಬುತ್ತೇನೆ.

ನಿಮ್ಮ ಊರಿನ ಕ್ರೀಡಾಂಗಣ 1942ರಷ್ಟು ಹಳೆಯದು. 2009ರಲ್ಲಿ ಕ್ಯಾಚರ್ ಬಸ್ಟರ್ ಪೋಸಿ ಮತ್ತು ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಸ್ಯಾನ್ ಹೋಸೆ ತಂಡಕ್ಕೆ ಆಡಿದ್ದರು. ಮರುವರ್ಷವೇ ಇಬ್ಬರೂ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಜೈಂಟ್ಸ್ ತಂಡದಲ್ಲಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಸಾಧ್ಯವಾದರೆ ಹೋಮ್ ಪ್ಲೇಟ್‌ನ (ಬ್ಯಾಟರ್ ನಿಲ್ಲುವ ಜಾಗದ) ಹಿಂದೆ ಕುಳಿತು, ಹೊರಕ್ಕೆ ತಿರುಗುವ ಚೆಂಡನ್ನು ಯಾವ ಹುಡುಗ ತಾಳ್ಮೆಯಿಂದ ಬಿಡುತ್ತಾನೆಂದು ಗಮನಿಸಿ, ತಿಂಗಳ ಬಳಿಕ ಅವನನ್ನೇ ಮತ್ತೊಮ್ಮೆ ನೋಡಿ.