ಎಕ್ಸೆಲ್ ತೆರೆಯದ ಫೈಲು: ಓದುಗರ ಪ್ರಶ್ನೆಗೆ ಉತ್ತರ

ಈ ಸಲವೂ ಬಹುಪಾಲು ಪತ್ರಗಳಲ್ಲಿ ಒಂದೇ ಗೋಳು: ಫೈಲು ದೊಡ್ಡದು, ಎಕ್ಸೆಲ್‌ಗೆ ಆಗುತ್ತಿಲ್ಲ. ಒಮ್ಮೆ ಬಿಡಿಸಿ ಬರೆದುಬಿಡುತ್ತೇನೆ, ಮತ್ತೆ ಕೇಳಬೇಡಿ. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆಯುವುದು, ತಂತ್ರಾಂಶ ಹಾಕಿಕೊಳ್ಳುವುದು ಗೊತ್ತಿದೆ ಎಂದೇ ಭಾವಿಸಿದ್ದೇನೆ. ವಿಂಡೋಸ್‌ನವರು ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಸೌಲಭ್ಯ) ಹಾಕಿಕೊಂಡು ಬನ್ನಿ.

ಪ್ರಶ್ನೆ: ಸರ, ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಹಲವು ವರ್ಷಗಳ ಮೆಕ್ಕೆಜೋಳದ ಆವಕ ಒಂದೇ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮವಿರುವ ಬರೀ ಪಠ್ಯದ) ಫೈಲಿನಲ್ಲಿದೆ, 14 ಲಕ್ಷ ಸಾಲು. ಎಕ್ಸೆಲ್ ಪೂರ್ತಿ ತೆರೆಯುತ್ತಿಲ್ಲ. ಫ್ರೀಯಾಗಿ ತುಂಡು ಮಾಡಿಕೊಡುವ ವೆಬ್‌ಸೈಟಿಗೆ ಹಾಕಲೇ?

ಉತ್ತರ: ಬೇಡ. ಅದರಲ್ಲಿ ರೈತರ ಮೊಬೈಲ್ ನಂಬರು, ಬ್ಯಾಂಕ್ ಖಾತೆ ಇರುತ್ತದೆ. ಊರು ಪರಿಚಯವಿಲ್ಲದವನ ಕೈಗೆ ಅದನ್ನು ಕೊಡಲು ನಿಮಗೆ ಹಕ್ಕಿಲ್ಲ.

ಎಕ್ಸೆಲ್ ಹಾಳೆಗೆ 10,48,576 ಸಾಲಿನ ಮಿತಿ. ಅಷ್ಟಕ್ಕೇ ತುಂಡಾದದ್ದನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದಿರೋ, ಉಳಿದ ಸಾಲುಗಳು ಹೋದವು. ಖಾತೆ ಸಂಖ್ಯೆಯ ಆರಂಭದ ಸೊನ್ನೆಗಳನ್ನೂ ಅದು ನುಂಗುತ್ತದೆ. 15 ಅಂಕಿ ದಾಟಿದರೆ ಮಿಕ್ಕ ಅಂಕಿಗಳ ಜಾಗದಲ್ಲಿ ಸೊನ್ನೆ ಕೂರಿಸುತ್ತದೆ.

ವಿಸಿಡೇಟಾ (VisiData) ಎಂಬ ತಂತ್ರಾಂಶ ಹಾಕಿಕೊಳ್ಳಿ. ಉಚಿತ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಡೆಯುತ್ತದೆ, ಟರ್ಮಿನಲ್‌ನಲ್ಲೇ ಹಾಳೆ ಬಿಚ್ಚುತ್ತದೆ. ಫೈಲು ಪೂರ್ತಿ ಲೋಡ್ ಆಗುವ ಮೊದಲೇ ನೋಡಲು ಶುರುಮಾಡಬಹುದು. ನೀವಾಗಿ ಸೇವ್ ಮಾಡುವ ತನಕ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಆದರೂ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ; ನನಗೆ ಯಾರ ಕೈಬೆರಳ ಮೇಲೂ ನಂಬಿಕೆಯಿಲ್ಲ.

ತೆರೆದ ಕೂಡಲೇ ಮೊತ್ತ ಹಾಕಲು ಓಡಬೇಡಿ. ತಾಲ್ಲೂಕಿನ ಕಾಲಂ ಮೇಲೆ ನಿಂತು ಶಿಫ್ಟ್ ಹಿಡಿದು ಎಫ್ ಒತ್ತಿ. ಯಾವ ಹೆಸರು ಎಷ್ಟು ಸಲ ಬಂದಿದೆ ಎಂಬ ಪಟ್ಟಿ ಬರುತ್ತದೆ. ಚನ್ನಗಿರಿ ಒಂದೇ ಊರಾದರೂ ಮೂರು ಕಾಗುಣಿತದಲ್ಲಿ ಮೂರು ಊರಾಗಿ ಕೂತಿರುತ್ತದೆ. ಹಳೆಯ ಸಾಲುಗಳಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯೆಂದೇ ಇರುತ್ತದೆ. 1997ರಲ್ಲಿ ನಮ್ಮ ಜಿಲ್ಲೆಗೆ ಸೇರಿದ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ. ಇದನ್ನು ನೋಡದೆ ‘ಜಿಲ್ಲೆಯ ಆವಕ ಇಳಿದಿದೆ’ ಎಂದು ಸಾಹುಕಾರರಿಗೆ ವರದಿ ಕೊಟ್ಟರೆ ಬೈಗುಳ ನಿಮಗೇ. ಅನುಮಾನ ಬಂದ ಹೆಸರಿನ ಮೇಲೆ ಎಂಟರ್ ಒತ್ತಿದರೆ ಆ ಸಾಲುಗಳಷ್ಟೇ ತೆರೆಯುತ್ತವೆ, ಕ್ಯೂ ಒತ್ತಿದರೆ ವಾಪಸ್.

ಇನ್ನೊಂದು, ಸಿಎಸ್‌ವಿಯಿಂದ ಬಂದದ್ದೆಲ್ಲ ಮೊದಲಿಗೆ ಬರೀ ಅಕ್ಷರ. ಹಾಗೇ ವಿಂಗಡಿಸಿದರೆ 100 ಕ್ವಿಂಟಾಲ್ 20ಕ್ಕಿಂತ ಮೊದಲು ಬರುತ್ತದೆ. ತೂಕದ ಕಾಲಂನಲ್ಲಿ % ಒತ್ತಿ, ದಶಮಾಂಶ ಸಂಖ್ಯೆಯಾಗುತ್ತದೆ. ಯಾರೋ ‘ಬಾಕಿ’ ಎಂದು ಬರೆದಿಟ್ಟ ಚೌಕಗಳಲ್ಲಿ ! ಕಾಣಿಸುತ್ತದೆ, ಅವನ್ನು ಹಿಡಿಯಿರಿ. ಖಾತೆ, ಮೊಬೈಲ್ ಕಾಲಂಗಳನ್ನು ಮಾತ್ರ ಮುಟ್ಟಬೇಡಿ, ಅವು ಕೂಡಿ ಕಳೆಯುವ ಸಂಖ್ಯೆಗಳಲ್ಲ.

ದಿನಾಂಕದಲ್ಲಿ ಎಲ್ಲರೂ ಬೀಳುತ್ತಾರೆ. @ ಒತ್ತಿದರೆ ದಿನಾಂಕವಾಗುತ್ತದೆ ನಿಜ, ಆದರೆ ಅಮೆರಿಕದವರಂತೆ ತಿಂಗಳನ್ನು ಮೊದಲು ಓದುತ್ತದೆ. 05-11 ಎಂದು ನೀವು ಬರೆದ ನವೆಂಬರ್ 5 ಅಲ್ಲಿ ಮೇ 11. 25-11 ಮಾತ್ರ ಸರಿಯಾಗೇ ಓದಿಸಿಕೊಳ್ಳುತ್ತದೆ, 25ನೇ ತಿಂಗಳು ಇಲ್ಲವಲ್ಲ! ಹೀಗೆ ಕೆಲವು ಸರಿ, ಕೆಲವು ತಪ್ಪು, ಎಲ್ಲೂ ದೂರಿಲ್ಲ. ಮುಂಗಾರು ಮೆಕ್ಕೆಜೋಳ ಮೇ ತಿಂಗಳಲ್ಲಿ ರಾಶಿರಾಶಿ ಬಂದಂತೆ ಕಂಡರೆ ಕಾರಣ ಇದೇ. ಝಡ್ ಒತ್ತಿ, ಆಮೇಲೆ @ ಒತ್ತಿ, ದಿನ-ತಿಂಗಳು-ವರ್ಷದ ಕ್ರಮವನ್ನು ನೀವೇ ಕೊಡಿ.

ಎಲ್ಲ ಸಾಲನ್ನೂ ವಿಸಿಡೇಟಾ ಮೆಮೊರಿಯಲ್ಲಿ ಹಿಡಿದಿಡುತ್ತದೆ. 14 ಲಕ್ಷ ತೊಂದರೆಯಿಲ್ಲ. ಹತ್ತಾರು ಜಿಬಿ ಫೈಲಾದರೆ ಡಕ್‌ಡಿಬಿ (DuckDB) ಎಂಬ ಡೇಟಾಬೇಸ್ ತಂತ್ರಾಂಶದ ಕಡೆ ಹೋಗಿ.

ಪ್ರಶ್ನೆ: ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ. ಡೇಟಾ ಕೆಟ್ಟಿತೇ?

ಉತ್ತರ: ಇಲ್ಲ, ಬಹಳಷ್ಟು ಟರ್ಮಿನಲ್‌ಗಳಿಗೆ ಒತ್ತು ಜೋಡಿಸಲು ಬರುವುದಿಲ್ಲ ಅಷ್ಟೆ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ನುಡಿ ಫಾಂಟಿನ ಪಠ್ಯ ಇರಬಹುದು. ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಅಕ್ಷರಕ್ಕೆ ಬದಲಿಸದೆ ಹುಡುಕಲು ಹೋಗಬೇಡಿ.

ಪ್ರಶ್ನೆ: ಜೇಸನ್ ಫೈಲು ಪೂರ್ತಿ ಒಂದೇ ಸಾಲಿನಲ್ಲಿದೆ.

ಉತ್ತರ: ಜೇಸನ್ (JSON) ಫೈಲು ಓದುವ ಜೆಕ್ಯೂ (jq) ಎಂಬ ಟರ್ಮಿನಲ್ ತಂತ್ರಾಂಶಕ್ಕೆ ಒಂದು ಚುಕ್ಕಿ (.) ಕೊಟ್ಟು ಓಡಿಸಿ, ಸಾಲುಸಾಲಾಗಿ ಬಿಡಿಸಿ ತೋರಿಸುತ್ತದೆ.

ಪ್ರಶ್ನೆ: ‘ಏಳು ದಿನದಲ್ಲಿ ಡೇಟಾ ತಜ್ಞ’ ಕೋರ್ಸಿಗೆ ಹದಿನೈದು ಸಾವಿರ ಕೇಳುತ್ತಿದ್ದಾರೆ. ಸೇರಲೇ?

ಉತ್ತರ: ವಿಸಿಡೇಟಾ ತೆರೆದು ಕಂಟ್ರೋಲ್ ಹಿಡಿದು ಎಚ್ ಒತ್ತಿ. ಕೈಪಿಡಿ ಅಲ್ಲೇ ಇದೆ, ಪುಕ್ಕಟೆ.

ಪ್ರಶ್ನೆ: ಫೈಲನ್ನು ನಿಮಗೇ ವಾಟ್ಸಾಪ್ ಮಾಡಿದರೆ ನೋಡಿಕೊಡುತ್ತೀರಾ?

ಉತ್ತರ: ಮೊದಲ ಉತ್ತರವನ್ನು ಇನ್ನೊಮ್ಮೆ ಓದಿ.