ಗೆಡ್ಡೆ ಕೂತ ಜಾಗದಿಂದ ಶುರುಮಾಡಿ

ಮಾನ್ಯರೇ,

ಸೆಂಟ್ರಲ್ ನ್ಯೂರೋಸೈಟೋಮಾ ಕುರಿತು ನೀವು ಕಳಿಸಿದ ‘ತಲೆಯೊಳಗೊಂದು ಟೈಂಬಾಂಬ್’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ವಿಷಯ ಬೇಡವೆಂದಲ್ಲ. ಮೆದುಳಿನ ಗೆಡ್ಡೆಗಳಲ್ಲಿ ನೂರಕ್ಕೆ ಒಂದೂ ಇರದ ಈ ಗೆಡ್ಡೆಯ ಬಗ್ಗೆ ಕನ್ನಡದಲ್ಲಿ ಸರಿಯಾದ ಬರಹ ಬೇಕೇ ಬೇಕು. ಆದರೆ ನಿಮ್ಮ ಹತ್ತು ಪುಟಗಳಲ್ಲಿ ಮೊದಲ ನಾಲ್ಕು ‘ಮೆದುಳೆಂಬ ವಿಸ್ಮಯ’ದ ವರ್ಣನೆಗೇ ಹೋಗಿವೆ. ಅಷ್ಟನ್ನೂ ಹೊಡೆದುಹಾಕಿ. ಟೈಂಬಾಂಬನ್ನೂ ತೆಗೆಯಿರಿ, ನಿಧಾನವಾಗಿ ಬೆಳೆಯುವ, ವಿಶ್ವ ಆರೋಗ್ಯ ಸಂಸ್ಥೆ 2ನೇ ದರ್ಜೆಯಲ್ಲಿಟ್ಟಿರುವ (4ನೆಯದು ಅತಿ ಉಗ್ರ) ಗೆಡ್ಡೆಗೆ ಅದು ಹೊಂದುವುದಿಲ್ಲ.

ಲೇಖನ ಶುರುವಾಗಬೇಕಾದದ್ದು ಗೆಡ್ಡೆ ಕೂತ ಜಾಗದಿಂದ. ಮೆದುಳಿನ ಎಡಕ್ಕೊಂದು ಬಲಕ್ಕೊಂದು ದ್ರವ ತುಂಬಿದ ಕುಹರ, ನಡುವೆ ತೆಳ್ಳನೆಯ ಗೋಡೆ. ಎರಡರ ದ್ರವವೂ ಕೆಳಗಿನ ಮೂರನೇ ಕುಹರಕ್ಕೆ ಇಳಿಯುವುದು ಮನ್ರೋ ರಂಧ್ರದ ಮೂಲಕ, ಅದರ ಅಗಲ ಕೆಲವೇ ಮಿಲಿಮೀಟರ್. ಈ ಗೆಡ್ಡೆ ಹೆಚ್ಚಾಗಿ ಬೆಳೆಯುವುದು ಆ ರಂಧ್ರದ ಬಳಿಯಲ್ಲೇ, ಗೋಡೆಗೆ ಅಂಟಿಕೊಂಡು. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ತಯಾರಾಗುತ್ತದೆ. ಯಾವುದೇ ಹೊತ್ತಿನಲ್ಲಿ ತಲೆ, ಬೆನ್ನು ಎರಡೂ ಸೇರಿ ಇರುವುದು 150 ಮಿಲಿಲೀಟರ್ ಆಸುಪಾಸು. ದಾರಿ ಮುಚ್ಚಿತೆಂದು ತಯಾರಿ ನಿಲ್ಲುವುದಿಲ್ಲ. ಈ ಎರಡು ಅಂಕಿಗಳನ್ನು ಕೊಟ್ಟುಬಿಡಿ, ಮುಂದಿನದು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ.

ಆಗ ಹದಿನೇಳು ಲಕ್ಷಣಗಳ ನಿಮ್ಮ ಪಟ್ಟಿ ಬೇಕಾಗುವುದಿಲ್ಲ. ಹೆಚ್ಚಿನ ರೋಗಿಗಳು 20ರಿಂದ 40ರೊಳಗಿನವರು. ತಲೆನೋವು, ಬೆಳಿಗ್ಗೆ ಏಳುವಾಗ ಜಾಸ್ತಿ, ಏಕೆಂದರೆ ರಾತ್ರಿಯಿಡೀ ಮಲಗಿದ್ದಾಗ ತಲೆಯೊಳಗಿನ ಒತ್ತಡ ಏರಿರುತ್ತದೆ. ಜೊತೆಗೆ ವಾಂತಿ, ಕಣ್ಣು ಮಂಜಾಗುವುದು, ಕೆಲವರಿಗೆ ಮರೆವು. ಇದನ್ನು ಮೈಗ್ರೇನ್ ಎಂದೋ ಗ್ಯಾಸ್ಟ್ರಿಕ್ ಎಂದೋ ಮಾತ್ರೆಯಲ್ಲಿ ತಿಂಗಳು ಕಳೆಯುವುದುಂಟು. ಕನ್ನಡಕದ ನಂಬರ್ ನೋಡಿಸಲು ಹೋದಾಗ ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಿ ಒಳಗೆ ನೋಡಿ, ಕಣ್ಣಿನ ನರದ ತುದಿ ಒತ್ತಡಕ್ಕೆ ಊದಿರುವುದನ್ನು ಕಂಡು ಸ್ಕ್ಯಾನ್‌ಗೆ ಕಳಿಸುವುದೂ ಉಂಟು. ನೀವು ಒಂದೇ ಸಾಲಿನಲ್ಲಿ ದಾಟಿದ ಈ ಜಾಗವೇ ಓದುಗರಿಗೆ ಎಲ್ಲಕ್ಕಿಂತ ಉಪಯೋಗದ್ದು. ಕೈಕಾಲಿನ ಬಲಹೀನತೆ, ಫಿಟ್ಸ್ ಅಷ್ಟಾಗಿ ಕಾಣುವುದಿಲ್ಲ. ಗೆಡ್ಡೆ ಇರುವುದು ಮೆದುಳಿನ ಹೊರಪದರದಲ್ಲಲ್ಲ, ಕುಹರದೊಳಗೆ.

ಆರನೇ ಪುಟದಲ್ಲಿ ಅಪಾಯಕಾರಿ ತಪ್ಪೊಂದಿದೆ. ತಲೆನೋವು, ವಾಂತಿ ಎಂದೊಡನೆ ‘ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ’ ಎಂದು ಬರೆದಿದ್ದೀರಿ. ಮೇಲೆ ದಾರಿ ಕಟ್ಟಿಕೊಂಡಿರುವಾಗ ಕೆಳಗಿನಿಂದ ದ್ರವ ತೆಗೆದರೆ ಒತ್ತಡದ ವ್ಯತ್ಯಾಸಕ್ಕೆ ಮೆದುಳು ಕೆಳಕ್ಕೆ ಜರುಗಿ ಉಸಿರಾಟವೇ ನಿಲ್ಲಬಹುದು. ಇಂಥ ಅನುಮಾನವಿದ್ದಾಗ ಮೊದಲು ಸಿಟಿ ಅಥವಾ ಎಂಆರ್‌ಐ. ಆ ವಾಕ್ಯವನ್ನು ತಿದ್ದದೆ ಲೇಖನ ಯಾರ ಕೈಗೂ ಕೊಡಬೇಡಿ.

‘ಈ ರೋಗ 1982ರಲ್ಲಿ ಹುಟ್ಟಿತು’ ಎಂಬುದೂ ತಪ್ಪು. ಆ ವರ್ಷ ಫ್ರಾನ್ಸಿನ ಹಸೂನ್ ಮತ್ತು ಸಂಗಡಿಗರು ಎರಡು ಗೆಡ್ಡೆಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ನರಕೋಶದ ಜಾತಿಯದೆಂದು ತೋರಿಸಿ ಹೆಸರಿಟ್ಟರು. ಅದಕ್ಕೂ ಮೊದಲು ಇಂಥವು ಬೇರೆ ಹೆಸರಿನಡಿ, ಮುಖ್ಯವಾಗಿ ಆಲಿಗೋಡೆಂಡ್ರೋಗ್ಲಿಯೋಮಾ ಎಂಬ ಇನ್ನೊಂದು ಮೆದುಳಿನ ಗೆಡ್ಡೆಯೆಂದು, ದಾಖಲಾಗುತ್ತಿದ್ದವು. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಎರಡರ ಜೀವಕೋಶವೂ ಬುಲ್ಸ್‌ಐ ಮೊಟ್ಟೆಯಂತೆ, ನಡುವೆ ದುಂಡು ಕೇಂದ್ರ, ಸುತ್ತ ಬಿಳಿ. ಈಗ ನರಕೋಶದಲ್ಲಿರುವ ಸಿನಾಪ್ಟೋಫೈಸಿನ್ ಎಂಬ ಪ್ರೋಟೀನನ್ನು ತೋರಿಸುವ ಬಣ್ಣದ ಪರೀಕ್ಷೆ ಇವನ್ನು ಬೇರ್ಪಡಿಸಲು ನೆರವಾಗುತ್ತದೆ: ನ್ಯೂರೋಸೈಟೋಮಾ ಬಣ್ಣ ಹಿಡಿಯುತ್ತದೆ. ಅನುಮಾನ ಉಳಿದರೆ ಜೀನ್ ಪರೀಕ್ಷೆ. ಆಲಿಗೋಡೆಂಡ್ರೋಗ್ಲಿಯೋಮಾದಲ್ಲಿ ಇರಬೇಕಾದ ಐಡಿಎಚ್ ಜೀನಿನ ಬದಲಾವಣೆ ಇದರಲ್ಲಿರುವುದಿಲ್ಲ.

ಫಲಿತಾಂಶದ ಭಾಗ ತೀರಾ ಸಡಿಲವಾಗಿದೆ. ‘ಶೇ. 90 ಮಂದಿ ಗುಣವಾಗುತ್ತಾರೆ’ ಎಂದರೇನು? ಐದು ವರ್ಷ ಬದುಕಿರುವುದೇ, ಗೆಡ್ಡೆ ಮರುಕಳಿಸದಿರುವುದೇ, ಮತ್ತೆ ಕೆಲಸಕ್ಕೆ ಹೋಗುವಂತಾಗುವುದೇ? ಮೂರೂ ಬೇರೆ ಬೇರೆ. ಬದುಕುಳಿಯುವ ಪ್ರಮಾಣ ಚೆನ್ನಾಗಿಯೇ ಇದೆ, ಆದರೆ ಮುಂದಿನದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಷ್ಟು ತೆಗೆಯಲಾಯಿತು ಎನ್ನುವುದು. ಪೂರ್ತಿ ತೆಗೆದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಕೊಡದೆ ಆಗಾಗ ಎಂಆರ್‌ಐ ಮಾಡುತ್ತ ಕಾಯುತ್ತಾರೆ. ಉಳಿದಿದ್ದರೆ ಕಾಯುವುದು, ಮತ್ತೊಂದು ಶಸ್ತ್ರಚಿಕಿತ್ಸೆ, ರೇಡಿಯೇಷನ್, ಗೆಡ್ಡೆಗೇ ಗುರಿಯಿಟ್ಟು ಕಿರಣ ಹಾಯಿಸುವ ಗಾಮಾ ನೈಫ್ ಎಂಬ ದಾರಿಗಳಿವೆ. ಎಷ್ಟು ಪಾಲು ಜೀವಕೋಶಗಳು ವಿಭಜನೆಯ ಹಾದಿಯಲ್ಲಿವೆ ಎಂದು ಹೇಳುವ, ಪೆಥಾಲಜಿ ವರದಿಯ ‘ಕೆಐ-67’ ಅಂಕಿ ಶೇ. 2ರಿಂದ 3ನ್ನು ದಾಟಿದ್ದರೆ ಮರುಕಳಿಸುವ ಸಂಭವ ಹೆಚ್ಚೆಂದು ನಿಗಾ ಬಿಗಿಯಾಗುತ್ತದೆ. ವರ್ಷಗಟ್ಟಲೆ ತೆಪ್ಪಗಿದ್ದು ತಿರುಗಿ ಬಂದದ್ದೂ ಇದೆ, ಆದ್ದರಿಂದ ಐದು ವರ್ಷಕ್ಕೆ ಫೈಲು ಮುಚ್ಚುವಂತಿಲ್ಲ.

ಪೂರ್ತಿ ತೆಗೆಯುವುದು ಏಕೆ ಸುಲಭವಲ್ಲ ಎನ್ನುವುದಕ್ಕೂ ಉತ್ತರ ಅದೇ ಜಾಗ. ಕುಹರ ತಲುಪಲು ಎರಡು ಮೆದುಳರ್ಧಗಳ ನಡುವೆ ಇಳಿದು ಅವನ್ನು ಜೋಡಿಸುವ ನರಪಟ್ಟಿಯಲ್ಲಿ ಕಿಂಡಿ ಮಾಡಬೇಕು, ಇಲ್ಲವೇ ಹೊರಪದರವನ್ನೇ ಸೀಳಿ ಹೋಗಬೇಕು. ಎರಡನೆಯದರಲ್ಲಿ ಮುಂದೆ ಫಿಟ್ಸ್ ಬರುವ ಭಯವಿದೆ. ಗೆಡ್ಡೆಗೆ ರಕ್ತದ ಹರಿವು ಹೆಚ್ಚು. ಪಕ್ಕದಲ್ಲೇ ಹಾದುಹೋಗುವ ಫಾರ್ನಿಕ್ಸ್ ಎಂಬ ನರತಂತುಗಳ ಕಟ್ಟಿಗೆ ಪೆಟ್ಟಾದರೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಗೆಡ್ಡೆ ಹೋದಮೇಲೂ ಕೆಲವರಿಗೆ ದ್ರವ ಸರಾಗವಾಗಿ ಹರಿಯದೆ, ತಲೆಯಿಂದ ಹೊಟ್ಟೆಗೆ ಶಂಟ್ ಕೊಳವೆ ಹಾಕಬೇಕಾಗುತ್ತದೆ. ಮನೆಯವರು ಕೇಳುವುದು ಇದನ್ನೇ; ನಿಮ್ಮ ಕರಡಿನಲ್ಲಿ ಇದಕ್ಕೆ ಜಾಗವೇ ಇಲ್ಲ.

ಇನ್ನು, ರೋಗಿಯ ಊರು, ಕಾಲೇಜು, ಮದುವೆಯ ತಿಂಗಳು ಎಲ್ಲವನ್ನೂ ಬರೆದಿದ್ದೀರಿ. ಇಷ್ಟು ಅಪರೂಪದ ಕಾಯಿಲೆಯಲ್ಲಿ ಹೆಸರು ಬದಲಿಸಿದರೆ ಸಾಲದು, ಊರವರು ಗುರುತು ಹಿಡಿದೇಬಿಡುತ್ತಾರೆ. ವಯಸ್ಸಿನ ಅಂದಾಜು ಸಾಕು, ಲಿಖಿತ ಒಪ್ಪಿಗೆಯೂ ಇರಲಿ. ನೀವು ಲಗತ್ತಿಸಿದ ಎಂಆರ್‌ಐ ಚಿತ್ರದ ಮೇಲ್ಮೂಲೆಯಲ್ಲಿ ಹೆಸರು, ಆಸ್ಪತ್ರೆ ನಂಬರ್, ತಾರೀಖು ಹಾಗೇ ಇವೆ. ಕಪ್ಪು ಪಟ್ಟಿ ಬಳಿದು ಕಳಿಸಬೇಡಿ, ಕೆಲವು ಫೈಲುಗಳಲ್ಲಿ ಪಟ್ಟಿ ಸರಿಸಿದರೆ ಅಡಿಯ ಅಕ್ಷರ ಕಾಣುತ್ತದೆ. ಅಂಚು ಕತ್ತರಿಸಿ ಹೊಸ ಚಿತ್ರವಾಗಿ ಉಳಿಸಿ, 900 ಪದಗಳೊಳಗಿನ ಹೊಸ ಪ್ರತಿಯೊಂದಿಗೆ ಕಳಿಸಿ.

— ಸಂಪಾದಕ