ಪ್ರಕಟಣೆಗೆ ಅದೃಷ್ಟ ಬೇಕೇ?

ಪ್ರಶ್ನೆ: ನನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಮೂವರು ಪ್ರಕಾಶಕರು ಹಿಂದಿರುಗಿಸಿದ್ದಾರೆ. ಪ್ರಕಟಣೆಯೆಂಬುದು ಕೇವಲ ಅದೃಷ್ಟವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅದೃಷ್ಟದ ಪಾತ್ರವನ್ನು ನಾನು ಅಲ್ಲಗಳೆಯಲಾರೆ. ನಿಮ್ಮ ಹಸ್ತಪ್ರತಿ ತಲುಪಿದಾಗ ಪ್ರಕಾಶಕರ ಬಳಿ ಅದೇ ಬಗೆಯ ಇನ್ನೊಂದು ಕಾದಂಬರಿ ಇತ್ತೇ, ಆ ವರ್ಷದ ಪಟ್ಟಿ ಆಗಲೇ ತುಂಬಿತ್ತೇ ಎಂಬುದು ಬರಹಗಾರರ ಕೈಯಲ್ಲಿಲ್ಲ. ಆದ್ದರಿಂದ ಮೂರು ನಿರಾಕರಣೆಗಳನ್ನು ಕೃತಿಯ ಮೇಲಿನ ತೀರ್ಪೆಂದು ದಯವಿಟ್ಟು ಭಾವಿಸಬೇಡಿ. ನಿಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕತೆಗಳಿಂದ ಆಯ್ದ ಸಂಕಲನಕ್ಕೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ತಕ್ಕ ಅನುವಾದಕಿ ದೊರೆತದ್ದನ್ನು ಯೋಗವೆನ್ನಬಹುದು. ಕತೆಗಳು ಮಾತ್ರ ಮೂರು ದಶಕಗಳ ದುಡಿಮೆಯಿಂದ ಬಂದವು. ನಾಲ್ಕನೆಯವರಿಗೆ ಕಳುಹಿಸುವ ಮುನ್ನ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ತಿದ್ದಿ.